ಹತ್ತಿ ವಖಾರಿಯ ಶಾಲೆ

ಹೋದ ತಿಂಗಳು ಸವಣೂರಿನಲ್ಲಿ ಒಂದು ಲಗ್ನ ಮುಗಿಸಿಕೊಂಡು ಬರುವಾಗ ನಮ್ಮ ಬಸ್ಸು ಬಂಕಾಪುರದ ಹತ್ತಿರ ಕೆಟ್ಟು ನಿಂತಿತು. ಡ್ರೈವರ್ ಇಳಿದು ಬಾನೆಟ್ ಎತ್ತಿದ. ಗಂಡಸರೆಲ್ಲ ಸುತ್ತ ನಿಂತು ತಮಗೆ ಗೊತ್ತಿಲ್ಲದ ವಿಷಯದ ಬಗ್ಗೆ ಅವನಿಗೆ ಸಲಹೆ ಕೊಡತೊಡಗಿದರು. ನಾನು ರಸ್ತೆಯ ಪಕ್ಕದ ಒಂದು ಹಳೆಯ ಗೋಡೆಯ ನೆರಳಿಗೆ ಹೋಗಿ ಕೂತೆ. ಗೋಡೆಯಾಚೆ ಹತ್ತಿಕಾಳಿನ ರಾಶಿ ಇತ್ತೆಂದು ಕಾಣುತ್ತದೆ. ಎಣ್ಣೆ, ಧೂಳು, ಬಿಸಿಲಿಗೆ ಕಾದ ಅರಳೆ ಎಲ್ಲ ಕಲೆತ ಆ ವಾಸನೆ ಮೂಗಿಗೆ ಬಡಿಯಿತು. ಮೊಮ್ಮಗಳು ಮೂಗು ಮುಚ್ಚಿಕೊಂಡು, “ಅಜ್ಜಿ, ಇಲ್ಲಿಂದ ಏಳು” ಅಂದಳು.

“ಏ ಹುಚ್ಚಿ, ನಿಮ್ಮಜ್ಜಿ ಐದನೇ ಇಯತ್ತೆ ಕಲ್ತದ್ದ ಇದ ವಾಸನ್ಯಾಗ. ನೀ ಬೇಕಾದ್ರ ಬಿಸಲಾಗ ಹೋಗಿ ನಿಂದ್ರು” ಅಂದೆ.

ಅವಳು ಹೋಗಲಿಲ್ಲ, ಕೇಳುತ್ತ ಕೂತಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು ಎರಡನೇ ಮಹಾಯುದ್ಧದ ಕಾಲ. ಸೀಮೆಎಣ್ಣೆಗೆ ಪಾಳಿ ಹಚ್ಚಬೇಕಿತ್ತು, ಕಾಗದ ಸಿಗುತ್ತಿರಲಿಲ್ಲ. ನಮ್ಮೂರು ಬಂಕಾಪುರಕ್ಕೂ ಸವಣೂರಿಗೂ ನಡುವೆ, ಎರೆಹೊಲಗಳ ಮಧ್ಯೆ ಇರುವ ಸಣ್ಣ ಊರು. ಗಂಡುಹುಡುಗರ ಶಾಲೆ ಏಳನೇ ಇಯತ್ತೆಯವರೆಗೆ ಇತ್ತು. ಅದಕ್ಕೆ ಜಿಲ್ಲಾ ಸ್ಕೂಲ್ ಬೋರ್ಡಿನವರು ಕಟ್ಟಿಸಿದ ಹಂಚಿನ ಕಟ್ಟಡ. ಹೆಣ್ಣುಮಕ್ಕಳದು ಚಾವಡಿಯ ಪಡಸಾಲೆಯಲ್ಲಿ, ನಾಲ್ಕನೆಯವರೆಗೆ ಮಾತ್ರ. ನಾಲ್ಕು ಮುಗಿಸಿದ ಹುಡುಗಿ ಮನೆಗೆ ಬಂದು ಕಸಬರಿಗೆ ಹಿಡಿಯಬೇಕು, ತಮ್ಮ ತಂಗಿಯರನ್ನು ಎತ್ತಿಕೊಂಡು ತಿರುಗಬೇಕು, ಒಂದೆರಡು ವರ್ಷ ಕಾದು ಲಗ್ನವಾಗಬೇಕು. ಹಾಗೆ ಕಾಯುವವರಲ್ಲಿ ನಾನೂ ಒಬ್ಬಳು. ಆಗ ನನಗೆ ಹನ್ನೆರಡು ವರ್ಷ. ಏಳನೇ ಇಯತ್ತೆಗೆ ಮುಲ್ಕಿ ಪರೀಕ್ಷೆ ಅನ್ನುತ್ತಿದ್ದರು. ಅದನ್ನು ಪಾಸಾದವರಿಗೆ ಶಾಲೆಯಲ್ಲಿ ಕಲಿಸುವ ಕೆಲಸ ಸಿಗುತ್ತಿತ್ತು. ಕಲಿಸುವ ಹೆಂಗಸಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನಾನು ಅಕ್ಕೋರಾಗಬೇಕು, ಅಷ್ಟೇ ನನ್ನ ಹಟ. ನಾಲ್ಕರಿಂದ ಏಳಕ್ಕೆ ಹೋಗುವ ದಾರಿ ಮಾತ್ರ ಊರಲ್ಲಿರಲಿಲ್ಲ.

ನಮ್ಮಪ್ಪ ಕೆಟ್ಟವನಲ್ಲ, ಆದರೆ ಅವನದು ಒಕ್ಕಲಿಗನ ಲೆಕ್ಕ. ಹಾನಗಲ್ಲಿನ ಕಡೆಯಿಂದ ಒಂದು ಮನೆತನದವರು ನನ್ನನ್ನು ನೋಡಿ ಹೋಗಿದ್ದರು. “ಇಲ್ಲದ ಸಾಲಿಗೆ ಹೆಂಗ ಹೋಗ್ತೀ ಮಗಳ? ಇದ್ದಿದ್ರ ನೋಡಬಹುದಿತ್ತು” ಅನ್ನುತ್ತಿದ್ದ.

ಕಾರಹುಣ್ಣಿಮೆ ಕಳೆದು ಮಳೆ ಹಿಡಿದ ವಾರದಲ್ಲೇ ಚಾವಡಿಯ ಪಡಸಾಲೆಯ ಗೋಡೆ ಕುಸಿಯಿತು. ಪುಣ್ಯಕ್ಕೆ ಅವತ್ತು ಸೂಟಿ ಇತ್ತು. ಹೆಣ್ಣುಮಕ್ಕಳ ಶಾಲೆ ಮುಚ್ಚಿಯೇ ಹೋಯಿತು ಎಂದು ಊರು ಮಾತಾಡಿಕೊಳ್ಳುವಾಗ ಚನ್ನವ್ವ ಎದ್ದು ನಿಂತಳು.

ಚನ್ನವ್ವನಿಗೆ ಆಗ ಅರವತ್ತರ ಮೇಲೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಊರ ಅಗಸಿಯ ಹತ್ತಿರ ಅವಳಿಗೊಂದು ದೊಡ್ಡ ಹತ್ತಿ ವಖಾರಿ ಇತ್ತು: ಕಲ್ಲಿನ ಗೋಡೆ, ತಗಡಿನ ಮಾಡು, ತೇಗದ ತೊಲೆಗಳು. ಫಾಲ್ಗುಣದಲ್ಲಿ ಹತ್ತಿ ತುಂಬಿದರೆ ಬೇಸಿಗೆಗೆ ಖಾಲಿ. ಮಳೆಗಾಲವೆಲ್ಲ ಅಲ್ಲಿ ಹೆಗ್ಗಣಗಳದೇ ಸಂಸಾರ. ಚನ್ನವ್ವ ಜಿಪುಣಿ ಎಂದು ಹೆಸರಾಗಿದ್ದಳು. ಭಿಕ್ಷುಕನಿಗೆ ರೊಟ್ಟಿ ಕೊಟ್ಟರೂ ಅದರ ಜೊತೆ ನಾಲ್ಕು ಬೈಗುಳ ಕೊಟ್ಟು ಕಳಿಸುವವಳು. ಅಂಥವಳು ವಖಾರಿಯನ್ನು ಹೆಣ್ಣುಮಕ್ಕಳ ಶಾಲೆಗೆ ಕೊಡುತ್ತೇನೆ ಅಂದಾಗ ಊರಿಗೆ ನಂಬಿಕೆಯೇ ಬರಲಿಲ್ಲ. ಯಾಕೆ ಅಂತ ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದಳು. ಮಠದ ಅಯ್ಯನವರಿಗೆ, “ಪುಣ್ಯಾ ಬರಲಿ ಅಂತ್ರಿ”. ನಮ್ಮಪ್ಪನಿಗೆ, “ಹೆಗ್ಗಣಾ ಓಡಿ ಹೋಗ್ಲಿ ಅಂತೋ”. ನಾನು ಕೇಳಿದ್ದಕ್ಕೆ, “ನಿನಗ್ಯಾಕ ಬೇಕ? ಕೊಟ್ಟಿದ್ದ ತಗೊ” ಅಂದಳು. ನಿಜವಾದ ಕಾರಣ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೆ ಅವಳ ಶರತ್ತುಗಳು ಮಾತ್ರ ಊರಿಗೆಲ್ಲ ಗೊತ್ತಾದವು. ಶಾಲೆಗಳ ತಪಾಸಣೆ ಮಾಡುವ ಬೋರ್ಡಿನ ಡೆಪುಟಿ ಸಾಹೇಬರು ಶಿಗ್ಗಾಂವಿಯಿಂದ ಚಕ್ಕಡಿಯಲ್ಲಿ ಬಂದು ವಖಾರಿ ನೋಡಿದರು. ಒಂದು ಟೇಪು ಹಿಡಿದು ಉದ್ದ ಅಗಲ ಅಳೆದರು, ಕಿಟಕಿ ಕಡಿಮೆ ಅಂದರು, ಮಾಡು ತಗ್ಗು ಅಂದರು. ಚನ್ನವ್ವ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

“ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ ಹೋಗಿ ಮೊಳ ಹಾಕಿದ್ರಂತ! ಅಳದದ್ದು ಮುಗೀತೇನ್ರಿ ಸಾಹೇಬ್ರ? ಇನ್ನ ನಂದು ಕೇಳ್ರಿ. ಐದನೇ ಇಯತ್ತೆ ತಗೀಬೇಕು, ಆಮ್ಯಾಲ ಆರು, ಏಳು. ನಾಕಕ್ಕ ಬಂದ್ ಮಾಡೋ ಸಾಲಿಗೆ ನನ್ನ ವಖಾರಿ ಇಲ್ಲ.”

“ನೋಡಬಹುದು, ಅವ್ವಾರ.”

“ಹನ್ನೊಂದಕ್ಕ ಸಾಲಿ ಸುರು ಮಾಡಿದ್ರ ಯಾವ ಹುಡುಗಿ ಬರ್ತಾಳ್ರಿ? ಹೊಲಕ್ಕ ಬುತ್ತಿ ಒಯ್ಯೋ ಹೊತ್ತದು. ಮುಂಜಾನೆ ಏಳಕ್ಕ ಕೂಡಸ್ರಿ, ಹತ್ತಕ್ಕ ಬಿಡ್ರಿ. ಸಂಜಿಮುಂದ ಮತ್ತೊಂದು ತಾಸು. ಮತ್ತ ಕೂಸು ಎತ್ಕೊಂಡು ಬಂದ ಹುಡುಗೀನ ಹೊರಗ ಹಾಕಬಾರದು. ಈ ತೊಲಿಗೆ ನಾ ತೊಟ್ಲ ಕಟ್ಟಸ್ತೇನಿ.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಶಾಲ್ಯಾಗ ತೊಟ್ಲ? ಹಂಗ ಕಾನೂನಿಲ್ಲ.”

“ಬ್ಯಾಡ ಅಂತ ಕಾನೂನದಾವೇನ್ರಿ?”

ಇರಲಿಲ್ಲ. ಸಾಹೇಬರಿಗೆ ನಗು ಬಂದದ್ದನ್ನು ನಾನೇ ಕಂಡಿದ್ದೇನೆ. ಒಂದು ವರ್ಷಕ್ಕೆಂದು ಪರವಾನಿಗೆ ಕೊಟ್ಟರು. ಆದರೆ ಒಂದು ತೊಡಕು ಹೇಳಿಹೋದರು. ಆಗಿನ ಕಾಯಿದೆಯಲ್ಲಿ ಗಂಡ ಸತ್ತ ಹೆಂಗಸಿಗೆ ಆಸ್ತಿಯನ್ನು ಜೀವ ಇರುವತನಕ ಉಣ್ಣುವ ಹಕ್ಕಿತ್ತು, ಕೊಡುವ ಹಕ್ಕಿರಲಿಲ್ಲ. ಅವಳ ನಂತರ ಯಾರಿಗೆ ಹೋಗುತ್ತದೋ ಆ ವಾರಸುದಾರನ ಸಹಿ ಬೇಕು. ಯುಗಾದಿಯೊಳಗೆ ಆ ಸಹಿ ಬಂದರೆ ಶಾಲೆ ಖಾಯಂ, ಇಲ್ಲದಿದ್ದರೆ ಬಂದ್. ವಾರಸುದಾರ ಎಂದರೆ ಚನ್ನವ್ವನ ಮೈದುನನ ಮಗ ಶಿವಲಿಂಗಪ್ಪ. ಬಂಕಾಪುರ ಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ, ಚನ್ನವ್ವನ ಪಕ್ಕದ ಮನೆಯಲ್ಲೇ ಇದ್ದ.

ಅವತ್ತು ಸಂಜೆ ನಮ್ಮಪ್ಪ ನನ್ನನ್ನು ಕರೆದು ಹೇಳಿದ: “ಯುಗಾದಿ ಒಳಗ ಸಾಲಿ ಖಾಯಂ ಆತಂದ್ರ ಮುಲ್ಕಿ ಆಗೂತನಕ ಲಗ್ನದ ಮಾತು ತಗಿಯಂಗಿಲ್ಲ. ಆಗಲಿಲ್ಲಂದ್ರ ಹಾನಗಲ್ಲವರಿಗೆ ಹೂಂ ಅಂತೇನಿ. ನೀನೂ ಹೂಂ ಅನಬೇಕು.” ನಾನು ಆಗಲಿ ಅಂದೆ. ಬೇರೆ ಏನು ಅನ್ನುವುದಿತ್ತು?

ಶಾಲೆ ಶುರುವಾಯಿತು. ನಮ್ಮ ಶಾಂತಕ್ಕೋರು ಹಂಸಭಾವಿಯ ಕಡೆಯವರು, ಇಪ್ಪತ್ತೈದರ ಆಸುಪಾಸು, ಸಣ್ಣ ದನಿ, ಆದರೆ ಕಬ್ಬಿಣದಂಥ ಗಟ್ಟಿ ಹೆಣ್ಣು. ತಗಡಿನ ಮೇಲೆ ಮಳೆ ಬಿದ್ದರೆ ಅವರ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಆಗ ಪಾಠ ನಿಲ್ಲಿಸದೆ ಗೋಡೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದರು, ನಾವು ಒದರಿ ಓದುತ್ತಿದ್ದೆವು. ತೊಲೆಗಳಿಗೆ ಹಳೆಯ ಸೀರೆಯ ತೊಟ್ಟಿಲುಗಳನ್ನು ಕಟ್ಟಿದ್ದರು. ಅವಕ್ಕೆಲ್ಲ ಒಂದೇ ಹಗ್ಗ ಹೆಣೆದು, ಅದರ ತುದಿ ಹಿಡಿದು ಚನ್ನವ್ವ ಕಂಬಕ್ಕೆ ಆತು ಕೂತಿರುತ್ತಿದ್ದಳು. ಒಮ್ಮೆ ಜಗ್ಗಿದರೆ ಊರಿನ ಅರ್ಧ ಕೂಸುಗಳು ತೂಗುತ್ತಿದ್ದವು. ಅಲ್ಲಿ ಕೂತೇ ಅಕ್ಕೋರ ಪಾಠಕ್ಕೆ ಕೊಂಕು ತೆಗೆಯುತ್ತಿದ್ದಳು. “ಬಾಜಿರಾಯ ಎಲ್ಲಿ ಹೋದರೇನವ್ವ ಬಂತು, ಹೆಣ್ಣುಮಕ್ಕಳಿಗೆ ಸಂತ್ಯಾಗ ತೂಕಾ ನೋಡೋದು ಕಲಸು.” ಅಕ್ಕೋರು ಇತಿಹಾಸ, ತೂಕ ಎರಡನ್ನೂ ಕಲಿಸಿದರು. ಕೊಟ್ಟ ಕೈ ಎಂದೂ ಸುಮ್ಮನಿರುವುದಿಲ್ಲ, ಶಾಲೆಯ ಒಳಗೂ ಬಂದು ಕೂರುತ್ತದೆ ಎನ್ನುವುದನ್ನು ಮುಂದೆ ಹೆಡ್‌ಮಿಸ್ ಆಗಿ ಬೇಕಾದಷ್ಟು ಕಂಡೆ. ಮೊದಲು ಕಂಡದ್ದು ಅಲ್ಲಿ.

ಒಂದು ಸಲ ಮಾತ್ರ ಅಕ್ಕೋರು ಅವಳ ಮಾತನ್ನು ಒಪ್ಪಲಿಲ್ಲ. ಶ್ರಾವಣದಲ್ಲಿ ಹೊಲಗೇರಿಯ ದುರ್ಗವ್ವ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಅಕ್ಕೋರು ಒಳಗೆ ಬಾ ಅಂದರು. ಚನ್ನವ್ವನ ಕೈಯ ಹಗ್ಗ ನಿಂತಿತು.

“ಅಕ್ಕೋರ, ಅಕಿ ಹೊರಗಿನ ಕಟ್ಟಿ ಮ್ಯಾಲ ಕುಂತು ಕಲೀಲಿ. ಇದು ನನ್ನ ವಖಾರಿ.”

“ವಖಾರಿ ನಿಮ್ಮದು, ಅವ್ವಾರ. ಸಾಲಿ ಸರಕಾರದ್ದು. ಇಲ್ಲಿ ಹಾಸಿದ ಚಾಪಿ ಎಲ್ಲಾರಿಗೂ ಒಂದ. ಬ್ಯಾಡಂದ್ರ ಈಗ ನಾನೂ ಎದ್ದು ಹೋಗ್ತೇನಿ.”

ಚನ್ನವ್ವ ಹಗ್ಗ ಬಿಸಾಕಿ ಮನೆಗೆ ಹೋದಳು. ಎರಡು ಮನೆಯವರು ತಮ್ಮ ಹುಡುಗಿಯರನ್ನು ಬಿಡಿಸಿದರು. ಇನ್ನು ಶಾಲೆ ಮುಚ್ಚಿಯೇ ಹೋಗುತ್ತದೆ ಅಂದುಕೊಂಡೆ. ದುರ್ಗವ್ವನ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ? ಆ ಹುಡುಗಿ ಮಾತ್ರ ಸುಮ್ಮನೆ ಹಗ್ಗ ಹಿಡಿದು ಎಲ್ಲ ಕೂಸುಗಳನ್ನೂ ತೂಗುತ್ತ, ಬಾಯಲ್ಲಿ ಮಗ್ಗಿ ಹೇಳುತ್ತ ಕೂತಳು. ಒಂದು ವಾರದ ಮೇಲೆ ಚನ್ನವ್ವ ತಾನಾಗಿ ಬಂದಳು. ಯಾರ ಮುಖವನ್ನೂ ನೋಡದೆ ಕಂಬಕ್ಕೆ ಆತು ಕೂತು, “ಆ ಹಗ್ಗಾ ಇಲ್ಲಿ ತಾ ತಂಗಿ. ನೀ ಹೋಗಿ ಚಾಪಿ ಮ್ಯಾಲ ಕುಂದ್ರು. ಮಗ್ಗಿ ಹೇಳಕೋಂತ ತೂಗಿದ್ರ ಕೂಸು ಮಲಗ್ತಾವೇನು?” ಅಂದಳು. ದುರ್ಗವ್ವ ಬಂದು ನನ್ನ ಪಕ್ಕವೇ ಕೂತಳು. ಆಮೇಲೆ ಆ ವಿಷಯ ಅಲ್ಲಿ ಯಾರೂ ಎತ್ತಲಿಲ್ಲ.

ಶಿವಲಿಂಗಪ್ಪನ ಹೆಂಡತಿ ಗೌರವ್ವನೂ ತನ್ನ ಒಂದೂವರೆ ವರ್ಷದ ಮಗಳನ್ನು ತೊಟ್ಟಿಲಲ್ಲಿ ಮಲಗಿಸಲು ಬರುತ್ತಿದ್ದಳು. ಮಲಗಿಸಿದ ಮೇಲೂ ಹೋಗುತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ಗೋಡೆಯ ಮೇಲಿನ ಅಕ್ಷರ ನೋಡುತ್ತಿದ್ದಳು. ಅಕ್ಕೋರು “ಕುಂದ್ರವ್ವ” ಅಂದರೆ, “ಮನ್ಯಾಗ ಕೆಲಸ ಐತ್ರಿ” ಅಂದು ಅಲ್ಲೇ ನಿಲ್ಲುತ್ತಿದ್ದಳು.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಚನ್ನವ್ವ ಸಹಿ ಕೇಳಿದಾಗೆಲ್ಲ ಶಿವಲಿಂಗಪ್ಪ, “ನೋಡೂಣು ದೊಡ್ಡವ್ವ” ಅನ್ನುತ್ತಿದ್ದ. ಹತ್ತಿ ಬಿಡಿಸುವ ದಿನ ಹತ್ತಿರ ಬಂದಂತೆ ಆ ‘ನೋಡೂಣು’ ಕೂಡ ನಿಂತಿತು. ಯುದ್ಧದಿಂದ ಹತ್ತಿಯ ಧಾರಣಿ ಏರಿತ್ತು, ಅವನಿಗೆ ವಖಾರಿ ಬೇಕಾಗಿತ್ತು. “ಉಣ್ಣಾಕ ನಿನಗ ಹಕ್ಕೈತಿ, ದೊಡ್ಡವ್ವ, ದಾನಾ ಮಾಡಾಕಿಲ್ಲ. ಹುಡುಗ್ಯಾರ ಆಟ ಇನ್ನ ಸಾಕು. ಶಿವರಾತ್ರಿ ಮರುದಿನ ಗಾಡಿ ಬರ್ತಾವ” ಎಂದು ಕಡ್ಡಿ ಮುರಿದಂತೆ ಹೇಳಿದ. ಹಾನಗಲ್ಲಿನವರು ಮತ್ತೆ ಹೇಳಿ ಕಳಿಸಿದರು. ಅವ್ವ ನನ್ನ ಲಗ್ನಕ್ಕೆಂದು ಸಂಡಿಗೆ ಶುರು ಮಾಡಿದಳು. ನಾನು ಆ ಸಂಡಿಗೆಯ ಹಿಟ್ಟು ತಿರುವುತ್ತ ಕೋಪದಿಂದ ಕೈ ಸುಟ್ಟುಕೊಂಡೆ. ಆದರೆ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಹೋಗುವುದಿದ್ದರೆ ಪಾಠ ಮುಗಿಸಿಯೇ ಹೋಗೋಣ ಎಂದು ಅಕ್ಕೋರೂ ಪಟ್ಟು ಹಿಡಿದಿದ್ದರು.

ಶಿವರಾತ್ರಿಯ ಮರುದಿನ ಬೆಳಿಗ್ಗೆ ನಾವು ಬಂದಾಗ ಹತ್ತಿಯ ಗಾಡಿಗಳು ವಖಾರಿಯ ಮುಂದೆ ಸಾಲಾಗಿ ನಿಂತಿದ್ದವು. ಹಮಾಲರು ಬೀಡಿ ಸೇದುತ್ತ ಕೂತಿದ್ದರು. ನೋಡಲು ಊರ ಹಿರಿಯರೂ ಸೇರಿದ್ದರು, ನಮ್ಮಪ್ಪನೂ ಇದ್ದ. ಶಿವಲಿಂಗಪ್ಪ ಬಾಗಿಲಲ್ಲಿ ನಿಂತಿದ್ದ. ಚನ್ನವ್ವ ಜಗಳಕ್ಕೆ ಬರುತ್ತಾಳೆಂದು ಅವನು ಟೊಂಕ ಕಟ್ಟಿ ಸಿದ್ಧವಾಗಿದ್ದನೆಂದು ಕಾಣುತ್ತದೆ. ಅವಳು ಜಗಳಾಡಲೇ ಇಲ್ಲ.

“ಆತೋ ಮಗನ, ನಿನ್ನ ಹಟಾನ ಗೆದ್ದಂಗಾತು. ಇಷ್ಟು ದಿನ ಈ ಹೆಣ್ಣುಮಕ್ಕಳು ನಮ್ಮ ಕಟ್ಟಡದಾಗ ಇದ್ದಾರ. ಬರಿ ಉಡೀಲೆ ಹೊರಗ ಹಾಕಬಾರದು. ಗೌರವ್ವನ ಕಡಿಯಿಂದ ಉಡಿ ತುಂಬಸ್ತೇನಿ, ಆಮ್ಯಾಲ ನಿನ್ನ ಗಾಡಿ ಬಿಚ್ಚು.”

ಮನೆಗೆ ಬಂದ ಹೆಣ್ಣುಮಗಳು ಹೊರಡುವಾಗ ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಅಡಿಕೆ ಹಾಕಿ ಕಳಿಸುವುದು ನಮ್ಮ ಪದ್ಧತಿ. ತುಂಬುವವಳು ಮುತ್ತೈದೆಯಾಗಿರಬೇಕು; ಚನ್ನವ್ವ ತಾನೇ ತುಂಬುವಂತಿರಲಿಲ್ಲ. ಇದು ಬೀಳ್ಕೊಡುವ ಉಡಿ ಎಂದು ಶಿವಲಿಂಗಪ್ಪ ತಿಳಿದ. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, “ತುಂಬ್ರಿ, ತುಂಬ್ರಿ, ಕೊಬ್ಬರಿ ನಮ್ಮ ಮನ್ಯಾಗಿಂದ ತರಸ್ರಿ” ಎಂದು ತಾನೇ ಆಳನ್ನು ಓಡಿಸಿದ.

ನಾವು ಸಾಲಾಗಿ ಕೂತೆವು. ನನಗೆ ಅಳು ತಡೆಯಲಾಗಲಿಲ್ಲ. ಗೌರವ್ವ ತಲೆಯ ಮೇಲೆ ಸೆರಗು ಹೊದ್ದು ಬಂದಳು. ಚನ್ನವ್ವ ಮೊರ ಹಿಡಿದು ಅವಳ ಪಕ್ಕ ನಿಂತಳು. ಮೊದಲಿನವಳು ನಾನೇ. ಗೌರವ್ವ ನನಗೆ ಕುಂಕುಮ ಹಚ್ಚಿ ಮೊರಕ್ಕೆ ಕೈ ಹಾಕಿದವಳು ತಡೆದಳು. ಅಕ್ಕಿಯ ಪಕ್ಕದಲ್ಲಿ ಒಂದು ರಾಶಿ ಮಣ್ಣಿತ್ತು, ವಖಾರಿಯ ಹೊಸ್ತಿಲ ಬುಡದಿಂದ ಕೆದರಿದ ಎರೆಮಣ್ಣು.

ಹೊಲವನ್ನೋ ಮನೆಯನ್ನೋ ಮಗಳಿಗೆ ಕೊಡುವಾಗ ಅಲ್ಲಿನ ಮಣ್ಣನ್ನು ಉಡಿಗೆ ಹಾಕಿ ಕೊಡುತ್ತಿದ್ದರು ನಮ್ಮೂರಲ್ಲಿ. ಅದು ಗೊತ್ತಿಲ್ಲದ ಹೆಂಗಸೇ ಇರಲಿಲ್ಲ. ಗೌರವ್ವ ಆ ಮಣ್ಣನ್ನು ನೋಡಿದಳು, ಗಂಡನ ಕಡೆ ನೋಡಿದಳು, ತೊಲೆಗೆ ತೂಗುತ್ತಿದ್ದ ತನ್ನ ಮಗಳ ತೊಟ್ಟಿಲು ನೋಡಿದಳು. ಬೇಡವೆನ್ನಲು ಗೌರವ್ವನಿಗೆ ಬೇಕಾದಷ್ಟು ಹೊತ್ತಿತ್ತು. ಅವಳು ಒಂದು ಹಿಡಿ ಅಕ್ಕಿ, ಒಂದು ಹಿಡಿ ಮಣ್ಣು ಎರಡನ್ನೂ ತೆಗೆದು ನನ್ನ ಉಡಿಗೆ ಹಾಕಿದಳು. ಆಮೇಲೆ ಎರಡನೆಯವಳಿಗೆ, ಮೂರನೆಯವಳಿಗೆ. ಸವಣೂರಿನಿಂದ ಬಂದು ನಮ್ಮೂರಲ್ಲಿ ನೆಲೆಸಿದ್ದ ಅತ್ತರು ಮಾರುವವರ ಮಗಳು ಮಾಬೂಬಿ ಸೆರಗಿಲ್ಲದ ಅಂಗಿಯನ್ನೇ ಮುಂದೆ ಒಡ್ಡಿದಳು, ಅವಳಿಗೂ ಬಿತ್ತು. ದುರ್ಗವ್ವನ ಮುಂದೆ ಬಂದಾಗ ಮಾತ್ರ ಗೌರವ್ವ ಒಂದು ಗಳಿಗೆ ನಿಂತಳು, ಊರ ಹಿರಿಯರ ಕಡೆ ಬೆನ್ನು ತಿರುಗಿಸಿದಳು, ಅವಳ ಉಡಿಯನ್ನೂ ತುಂಬಿದಳು.

ಅಷ್ಟರಲ್ಲಿ ಆ ಮಣ್ಣು ಶಿವಲಿಂಗಪ್ಪನ ಕಣ್ಣಿಗೆ ಬಿದ್ದಿತ್ತು. “ಏನಿದು? ಏನ್ ಹಾಕಾಕತ್ತೀ ಗೌರಿ? ದೊಡ್ಡವ್ವ, ಇದೇನು ಮೋಸ?”

“ಎಂಥ ಮೋಸ? ಊರ ಮುಂದ, ಹಾಡೇ ಹಗಲ ಕೊಟ್ಟದ್ದು. ನನಗ ಕೊಡಾಕ ಹಕ್ಕಿಲ್ಲ ಅಂದಿ, ನಾ ಕೊಡಲಿಲ್ಲ. ವಾರಸುದಾರನ ಮುತ್ತೈದಿ ಕೊಟ್ಟಾಳ. ಬ್ಯಾಡಾದ್ರ ಬಾ, ಒಬ್ಬೊಬ್ಬ ಹುಡುಗಿ ಉಡಿಯಾಗ ಕೈ ಹಾಕಿ ಹೊಳ್ಳಿ ತಗೊ. ಬಾ, ನೀಲವ್ವನಿಂದ ಸುರು ಮಾಡು.”

ನೀಲವ್ವ ಎಂದರೆ ನಾನು. ಅಳು ಎಲ್ಲಿ ಹೋಯಿತೋ ಏನೋ. ಉಡಿಯನ್ನು ಎರಡೂ ಕೈಯಿಂದ ಮುದ್ದೆ ಮಾಡಿ ಹಿಡಿದು ಅವನ ಮುಖವನ್ನೇ ನೋಡಿದೆ. ಬರಲಿ ನೋಡೋಣ ಅನ್ನಿಸಿತು. ಹಿರಿಯರಲ್ಲಿ ಯಾರೋ, “ಶಿವಲಿಂಗಪ್ಪ, ಉಡಿಗೆ ಹಾಕಿದ್ದ ಇಸ್ಕೊಂಡ ಮನಿ ಉದ್ಧಾರ ಆಗಿದ್ದ ನಾವಂತೂ ಕಂಡಿಲ್ಲಪಾ” ಅಂದರು. ಅದಕ್ಕೆ ಹೂಂ ಎಂದು ತಲೆಯಾಡಿಸಿದ ಮೊದಲನೆಯವನು ನಮ್ಮಪ್ಪ. ಹಮಾಲರು ಬೀಡಿ ಆರಿಸಿ ಎದ್ದು, “ಗಾಡಿ ಎಲ್ಲಿ ಹೊಡೀಬೇಕ್ರಿ ಸಾವಕಾರ್ರ?” ಎಂದು ಕೇಳಿದರು.

ಶಿವಲಿಂಗಪ್ಪ ಹೆಂಡತಿಯ ಕಡೆ ನೋಡಿದ. ಗೌರವ್ವ ತಲೆ ತಗ್ಗಿಸಿರಲಿಲ್ಲ. “ನನ್ನ ಮಗಳೂ ಇಲ್ಲೇ ಕಲೀತಾಳ್ರಿ” ಅಂದಳು. ಅವಳು ಊರ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗಾಡಿಗಳು ತಿರುಗಿದವು. ಆದರೆ ವ್ಯಾಪಾರಿ ಬರಿಗೈಯಲ್ಲಿ ಏಳುತ್ತಾನೆಯೇ? ಮೂರು ದಿನ ಬಿಟ್ಟು ಅಕ್ಕೋರ ಹತ್ತಿರ ಬಂದು ಹೇಳಿದ: “ಸಹಿ ಹಾಕ್ತೇನ್ರಿ. ಆದ್ರ ಬಾಗಲ ಮ್ಯಾಲ ಕಲ್ಲು ಕೂಡಸಬೇಕು. ದಾನಿ ಅಂತ ನನ್ನ ಹೆಸರ ಬರಬೇಕು. ನನ್ನದೊಂದ.” ಅಕ್ಕೋರ ಮುಖ ಕೆಂಪಾಯಿತು. ತೊಟ್ಟಿಲ ಹಗ್ಗ ಹಿಡಿದಿದ್ದ ಚನ್ನವ್ವ, “ಹೂಂ ಅನ್ರಿ ಅಕ್ಕೋರ” ಅಂದಳು. ಯುಗಾದಿಗೆ ನಾಲ್ಕು ದಿನ ಇರುವಾಗ ಸಹಿ ಬಿತ್ತು. ಡೆಪುಟಿ ಸಾಹೇಬರು ಹುಕುಂ ಕಳಿಸಿದರು. ಮುಂಜಾನೆ ಏಳಕ್ಕೆ ಶುರುವಾಗುವ ಹೊತ್ತು, ತೊಟ್ಟಿಲು ಎಲ್ಲ ಹಾಗೆಯೇ ಇರಲಿ ಎಂದೂ ಬರೆದಿದ್ದರು. ನಮ್ಮಪ್ಪ ಹಾನಗಲ್ಲಿಗೆ ಹೋಗಿ ಸಂಬಂಧ ಬೇಡವೆಂದು ಹೇಳಿ ಬಂದ. ಸಂಡಿಗೆಯನ್ನು ನಾವೇ ತಿಂದು ಮುಗಿಸಿದೆವು.

ಕಲ್ಲು ಕೆತ್ತುವವನು ಬಂದ. ಅವನಿಗೆ ಓದು ಬರುತ್ತಿರಲಿಲ್ಲ. ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟರೆ ಅದರ ಮೇಲೆ ಉಳಿ ಹೊಡೆಯುತ್ತಿದ್ದ. ಅಕ್ಷರ ದುಂಡಗಿದೆ ಎಂದು ಅಕ್ಕೋರು ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. ನಾನು ಬರೆಯುವುದಿಲ್ಲ ಎಂದು ಅದನ್ನು ನೆಲಕ್ಕೆ ಬಿಸಾಕಿದೆ. “ಅಂವ ಏನ್ ಕೊಟ್ಟಾನ? ಗಾಡಿ ತಂದು ನಿಂದರಸಿದಾಂವ! ನಿಮ್ಮ ಹೆಸರ ಆದ್ರ ಬರೀತೇನಿ, ಗೌರವ್ವಂದು ಆದ್ರ ಬರೀತೇನಿ. ಅವಂದು ನನ್ನ ಕೈಲೆ ಆಗಂಗಿಲ್ಲ” ಎಂದು ಚನ್ನವ್ವನ ಮುಂದೆಯೇ ಕೂಗಾಡಿದೆ.

ಚನ್ನವ್ವ ಮೊಣಕಾಲು ಹಿಡಿದುಕೊಂಡು ಬಗ್ಗಿ ಸೀಮೆಸುಣ್ಣ ಎತ್ತಿದಳು. ತನ್ನ ಸೆರಗಿನಿಂದ ಅದರ ಧೂಳು ಒರೆಸಿ ನನ್ನ ಕೈಯಲ್ಲಿಟ್ಟು, ಬೆರಳು ಮಡಿಸಿದಳು.

“ಬರಿ. ಚಂದಾಗಿ ಬರಿ. ನಮ್ಮ ಸಾಲಿ ಹುಡುಗಿ ಬರದದ್ದು ಅಂತ ಗೊತ್ತಾಗಬೇಕು.”

ಬರೆದೆ. ಹಲ್ಲು ಕಚ್ಚಿಕೊಂಡು, ಕೊಂಬು ದೀರ್ಘ ಒಂದೂ ತಪ್ಪದೆ ಬರೆದೆ. ಅವಳು ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದಕ್ಷರವೂ ಗೊತ್ತಿಲ್ಲದವಳು, ಕೊನೆಯವರೆಗೆ ಕಣ್ಣು ಕೀಳದೆ ನೋಡಿದಳು.

“ಈಗ ಓದು, ಕೇಳೂಣು.”

ನಾನು ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಚನ್ನವ್ವ ಕೇಳಿದಳು, ತಲೆಯಾಡಿಸಿದಳು, ನನ್ನ ಹೆಗಲು ಹಿಡಿದು ಮೇಲೆದ್ದಳು.

“ಛಲೋ ಓದ್ತಿ ನೋಡು. ನನಗಷ್ಟ ಸಾಕು. ನಡಿ ಒಳಗ, ಪಾಠ ಸುರುವಾತು.”